ಪಟ್ಟಿಕೆಗಳ ನಡುವಿನ ಸಾಲು

ನವುಲೆಯ ಎಂಜಿನಿಯರಿಂಗ್ ಕಾಲೇಜು ದಾಟಿ ಸವಳಂಗ ರಸ್ತೆ ಹಿಡಿದರೆ ಶಿಕಾರಿಪುರ, ಅದರಾಚೆ ಶಿರಾಳಕೊಪ್ಪ, ಆಮೇಲೆ ಬಳ್ಳಿಗಾವಿ, ತಾಳಗುಂದ, ಬಂದಳಿಕೆ. ವೀರಗಲ್ಲುಗಳು ಇಷ್ಟು ದಟ್ಟವಾಗಿ ನಿಂತ ಸೀಮೆ ಕನ್ನಡ ನಾಡಿನಲ್ಲೂ ಅಪರೂಪ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಏಳು ಮತ್ತು ಎಂಟನೆಯ ಸಂಪುಟಗಳೆರಡೂ ಅಂದಿನ ಶಿವಮೊಗ್ಗ ಜಿಲ್ಲೆಗೇ ಮೀಸಲಾದವು. ಒಂದು 1902ರಲ್ಲಿ, ಇನ್ನೊಂದು 1904ರಲ್ಲಿ ಅಚ್ಚಾದವು. ಪುಟ ತಿರುವುತ್ತ ಹೋದರೆ ದೇವಾಲಯಕ್ಕೆ ಬಿಟ್ಟ ಗದ್ದೆ, ಅಗ್ರಹಾರಕ್ಕೆ ಕೊಟ್ಟ ಊರು ಎಂಬ ದಾನಶಾಸನಗಳ ನಡುವೆ ಸತ್ತವರು ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಕಳ್ಳರು ಹೊಡೆದುಕೊಂಡು ಹೋದ ದನ ಬಿಡಿಸಲು ಹೋದವನು. ಊರಿಗೆ ದಂಡು ಬಿದ್ದಾಗ ಅಡ್ಡ ನಿಂತವನು. ಹೆಣ್ಣುಮಕ್ಕಳ ಮೇಲೆ ಕೈಯಿಕ್ಕಿದವರನ್ನು ತಡೆಯಲು ಹೋಗಿ ಮಡಿದವನು. ಒಡೆಯನ ಕರೆಗೆ ಗಡಿಗೆ ಹೋಗಿ ತಿರುಗಿ ಬರದವನು. ಇವರಲ್ಲಿ ಬಹುಪಾಲು ಜನ ಸಂಬಳದ ಸೈನಿಕರಾಗಿರಲಿಲ್ಲ. ಉಳುವವರು, ಗೌಡರ ಮಕ್ಕಳು, ದನ ಕಾಯುವವರು.

ದೂರ ಹೋಗಲಾಗದವರು ನಮ್ಮ ಶಿವಮೊಗ್ಗೆಯಲ್ಲೇ, ತುಂಗೆಯ ದಡದ ಕೋಟೆ ರಸ್ತೆಯಲ್ಲಿರುವ ಶಿವಪ್ಪನಾಯಕನ ಅರಮನೆಗೆ ಹೋಗಬಹುದು. ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವ ಆ ಅರಮನೆಯಲ್ಲಿ ಜಿಲ್ಲೆಯ ಹಲವು ಕಡೆಯಿಂದ ತಂದ ವೀರಗಲ್ಲು, ಮಾಸ್ತಿಗಲ್ಲುಗಳಿವೆ. ಜನ ಮರದ ಕಂಬಗಳ ದರ್ಬಾರ್ ಹಾಲ್ ನೋಡಿ, ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಕಲ್ಲುಗಳ ಮುಂದೆ ಐದು ನಿಮಿಷ ನಿಂತರೆ ಅವು ತಾವಾಗಿಯೇ ಕಥೆ ಹೇಳತೊಡಗುತ್ತವೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆ. ತಳದಲ್ಲಿ ಕಾಳಗ. ವೀರ ಎದುರಾಳಿಗಳಿಗಿಂತ ದೊಡ್ಡದಾಗಿ ಕಾಣುತ್ತಾನೆ. ಕೈಯಲ್ಲಿ ಬಿಲ್ಲೋ ಕತ್ತಿ ಗುರಾಣಿಯೋ ಇರುತ್ತದೆ, ಕೆಲವೊಮ್ಮೆ ಅವನ ಮೈಗೆ ಆಗಲೇ ಬಾಣ ನಾಟಿರುತ್ತದೆ. ದನಗಳಿಗಾಗಿ ನಡೆದ ಜಗಳವಾದರೆ ಒಂದು ಬದಿಯಲ್ಲಿ ಹಸುಗಳು ಒತ್ತೊತ್ತಾಗಿ ನಿಂತಿರುತ್ತವೆ. ನಡುವಿನ ಪಟ್ಟಿಕೆಯಲ್ಲಿ ಯುದ್ಧದ ಗದ್ದಲ ಇರುವುದಿಲ್ಲ. ಅದೇ ಮನುಷ್ಯನನ್ನು ಎರಡು ಕಡೆಯಿಂದ ಅಪ್ಸರೆಯರು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ, ಇಲ್ಲವೇ ಅವನು ವಿಮಾನದಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ಚಾಮರ ಬೀಸುವವರು. ಮೇಲಿನ ಪಟ್ಟಿಕೆ ಕೈಲಾಸ. ಲಿಂಗ, ಪೂಜಿಸುವ ಯತಿ, ನಂದಿ, ಇವರೆದುರು ಕೈ ಮುಗಿದು ಕೂತ ನಮ್ಮ ಹಳ್ಳಿಯ ಹುಡುಗ. ವೀರ ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ ಕೂತಿರುತ್ತಾನೆ. ಎಲ್ಲಕ್ಕೂ ಮೇಲೆ ಸೂರ್ಯ, ಚಂದ್ರ.

ಬಳ್ಳಿಗಾವಿ ಶಿಲ್ಪಿಗಳ ತವರು. ಬೇಲೂರಿನಲ್ಲಿ ಮದನಿಕೆಯರನ್ನು ಕಡೆದ ದಾಸೋಜ ಮತ್ತು ಅವನ ಮಗ ಚಾವಣ ಅಲ್ಲಿಯವರೇ. ಬಳಪದ ಕಲ್ಲಿನಲ್ಲಿ ಆಭರಣದ ಮಣಿ ಮಣಿಯನ್ನೂ ಬಿಡಿಸಿದ ವೀರಗಲ್ಲುಗಳು ಆ ಸೀಮೆಯಲ್ಲಿವೆ. ನನ್ನ ಮನಸ್ಸು ಮಾತ್ರ ಒರಟು ಕಲ್ಲುಗಳ ಕಡೆಗೇ ಹೆಚ್ಚು ಹರಿಯುತ್ತದೆ. ಕೈ ಪಳಗದ ಯಾರೋ ಹಳ್ಳಿಯ ಕಲ್ಲುಕುಟಿಗ ಕಡೆದ ಉಬ್ಬುಶಿಲ್ಪದಲ್ಲಿ ಅಪ್ಸರೆಯರ ಮುಖವೂ ಹಸು ಮೇಯಿಸುವ ಹೆಂಗಸರ ಮುಖದಂತೆಯೇ ಇರುತ್ತದೆ, ಲಿಂಗ ಎಂದರೆ ಒಂದು ದುಂಡನೆಯ ಉಬ್ಬು. ಅಷ್ಟಾದರೂ ಮೂರು ಪಟ್ಟಿಕೆಗಳನ್ನೂ ಅವನು ತಪ್ಪದೆ ಕಡೆದಿದ್ದಾನೆ. ಕಾಳಗದ ಚಿತ್ರವೊಂದನ್ನೇ ಕೊರೆದು ಕೈ ತೊಳೆದುಕೊಂಡಿದ್ದರೆ ಕೆಲಸ ಸುಲಭವಿತ್ತು. ಸತ್ತವನ ತಾಯಿ ಆ ದಾರಿಯಲ್ಲೇ ನೀರಿಗೆ ಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು.

ಜಗತ್ತಿನ ಬೇರೆ ಯುದ್ಧಶಿಲ್ಪಗಳನ್ನು ಇದರ ಪಕ್ಕದಲ್ಲಿಟ್ಟರೆ ನಮ್ಮವರ ಹೆಚ್ಚುಗಾರಿಕೆ ಕಾಣುತ್ತದೆ. ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ಅಸ್ಸೀರಿಯದ ಅರಸ ಅಶುರ್‌ಬಾನಿಪಾಲ್ ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕಡೆಸಿದ ಉಬ್ಬುಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಲ್ಲಿ ಸಾಯುವವರೆಲ್ಲ ಶತ್ರುಗಳು. ರೋಮಿನ ಟ್ರೇಜನ್ ಸ್ತಂಭ ಕ್ರಿ.ಶ. 113ರದು. ಸುರುಳಿ ಸುತ್ತಿಕೊಂಡು ಮೇಲೇರುವ ಅದರ ಶಿಲ್ಪದಲ್ಲಿ ಗಾಯಗೊಂಡ ರೋಮನ್ನರಿಗೆ ಔಷಧ ಕಟ್ಟುವ ದೃಶ್ಯವೊಂದಿದೆ. ಅದನ್ನು ಬಿಟ್ಟರೆ ಅರಸನ ಗೆಲುವಿನದೇ ಸುದ್ದಿ. ಅವು ಗೆದ್ದವನು ತನಗಾಗಿ ಮಾಡಿಸಿಕೊಂಡ ಶಿಲ್ಪಗಳು. ವೀರಗಲ್ಲನ್ನು ನಿಲ್ಲಿಸಿದವರು ಕಳೆದುಕೊಂಡವರು. ಅಣ್ಣ ತಮ್ಮಂದಿರು, ಮಗ, ಹೆಂಡತಿ, ಒಮ್ಮೊಮ್ಮೆ ಇಡೀ ಊರು. ಯುದ್ಧ ಯಾರು ಗೆದ್ದರು ಎಂಬುದನ್ನು ಎಷ್ಟೋ ಕಲ್ಲುಗಳು ಹೇಳುವುದೇ ಇಲ್ಲ.

ಮೇಲಿನ ಎರಡು ಪಟ್ಟಿಕೆಗಳ ಬಗ್ಗೆ ಒಂದು ಕಟುಮಾತನ್ನೂ ಆಡಬೇಕು. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆಯರು, ಕ್ಷಣದಲ್ಲಿ ಅಳಿಯುವ ದೇಹ ಇದು, ರಣದಲ್ಲಿ ಸಾವಿಗೆ ಯಾಕೆ ಹೆದರಬೇಕು ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದು ವೀರಗಲ್ಲಿನಿಂದ ವೀರಗಲ್ಲಿಗೆ ನಕಲಾಗುತ್ತ ಬಂದಿದೆ. ಸಾಯಲು ಜನ ಬೇಕಾಗಿದ್ದ ಅರಸರಿಗೆ ಈ ಮಾತು ಅನುಕೂಲವಾಗಿ ಒದಗಿತು. ನಾಳೆ ದಂಡಿಗೆ ಹೊರಡುವ ಹುಡುಗ ಇಂದು ಸಂಜೆ ಊರ ಬಾಗಿಲಲ್ಲಿ ಈ ಚಿತ್ರ ನೋಡಲಿ ಎಂಬ ಲೆಕ್ಕಾಚಾರವೂ ಇದ್ದಿರಬೇಕು. ಇದನ್ನು ಒಪ್ಪಿಕೊಂಡೂ ಆ ಎರಡು ಪಟ್ಟಿಕೆಗಳನ್ನು ಬರಿಯ ಆಮಿಷವೆಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಮಗ ಎಲ್ಲೋ ಬಯಲಿನಲ್ಲಿ ಒಂಟಿಯಾಗಿ ಬಿದ್ದು ಸತ್ತನೆಂಬ ಸುದ್ದಿ ಮನೆಗೆ ಬಂದಾಗ ಮನಸ್ಸು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೊನೆಗಳಿಗೆಯಲ್ಲಿ ಅವನ ಹತ್ತಿರ ಯಾರಿದ್ದರು? ಎರಡು ಕಡೆಯಿಂದ ತೋಳು ಹಿಡಿದ ಆ ಹೆಣ್ಣುಗಳನ್ನು ಕಡೆದವನು ಈ ಪ್ರಶ್ನೆಗೆ ತನಗೆ ತಿಳಿದ ಉತ್ತರ ಕೊಟ್ಟಿದ್ದಾನೆ. ಅವನು ಒಂಟಿಯಾಗಿರಲಿಲ್ಲ ತಾಯೀ, ಕೈ ಹಿಡಿದುಕೊಂಡೇ ಕರೆದೊಯ್ದರು.

ಇಷ್ಟೇ ಆಗಿದ್ದರೆ ವೀರಗಲ್ಲು ಒಂದು ಸಾಂತ್ವನದ ಚಿತ್ರವಾಗಿ ಉಳಿಯುತ್ತಿತ್ತು. ಪಟ್ಟಿಕೆಗಳ ನಡುವೆ ಒಂದೆರಡು ಬೆರಳಗಲದ ಅಂಚುಗಳಿರುತ್ತವಲ್ಲ, ಶಾಸನವಿರುವ ಕಲ್ಲಾದರೆ ಅಕ್ಷರ ಸಾಮಾನ್ಯವಾಗಿ ಅಲ್ಲಿರುತ್ತದೆ. ಯಾವ ವರ್ಷ, ಯಾರ ಆಳ್ವಿಕೆ, ಯಾವ ಕಾಳಗ, ಸತ್ತವನು ಯಾರು ಎಂದು ಮೊದಲಾಗುವ ಆ ಸಾಲು ಅನೇಕ ಕಡೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅವನ ಮನೆಯವರಿಗೆ ಇಷ್ಟು ಗದ್ದೆ, ಇಷ್ಟು ಮಣ್ಣು. ನೆತ್ತರುಗೊಡಗೆ ಎಂದರು, ಕಲ್ನಾಡು ಎಂದರು, ಬಾಳ್ಗಳ್ಚು ಎಂದರು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಇಂಥದೇ ಒಂದು ಕೊಡುಗೆಯ ದಾಖಲೆ. ಕದಂಬರ ಪರವಾಗಿ ಹೋರಾಡಿದ ವಿಜ ಅರಸನಿಗೆ ಊರು ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಯುದ್ಧಕ್ಕೆ ಹೋದವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವ ಮಾತು ಕನ್ನಡದ ಬರವಣಿಗೆಯ ಬಾಗಿಲಲ್ಲೇ ನಿಂತಿದೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಂಥ ಎರಡು ಕಲ್ಲುಗಳಿವೆ. ಮೊದಲನೆಯದು ಬೇಗೂರಿನದು, ಒಂಬತ್ತನೆಯ ಶತಮಾನದ ಕೊನೆಯ ಕಾಲದ್ದು. ಆನೆ, ಕುದುರೆ, ಕತ್ತಿ, ಉರುಳಿದ ಹೆಣ ಎಲ್ಲ ಒಂದರ ಮೇಲೊಂದು ಏರಿಕೊಂಡ ಉಬ್ಬುಶಿಲ್ಪ. ಗಂಗರ ಎರೆಯಪ್ಪನ ಅಪ್ಪಣೆಯಂತೆ ಹೋರಾಡಿ ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದ. ಅವನ ಪಟ್ಟವನ್ನು ಇರುಗನಿಗೆ ಕಟ್ಟಿ ಬೇಗೂರಿನ ಸೀಮೆಯ ಹನ್ನೆರಡು ಊರುಗಳನ್ನು ಕಲ್ನಾಡಾಗಿ ಕೊಟ್ಟದ್ದು ಅದೇ ಕಲ್ಲಿನ ಮೇಲೆ ಊರುಗಳ ಹೆಸರು ಸಮೇತ ಇದೆ.

ಎರಡನೆಯದು ಮದ್ದೂರು ತಾಲ್ಲೂಕಿನ ಆತಕೂರಿನದು, 949ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗ ಬೂತುಗ ಏನು ಬೇಕೆಂದು ಕೇಳಿದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯ ಮೇಲೆ ಬಿದ್ದು ಎರಡೂ ಸತ್ತಾಗ ಅದಕ್ಕೊಂದು ವೀರಗಲ್ಲು ನಿಂತಿತು. ಕಲ್ಲಿನಲ್ಲಿ ಇಂದಿಗೂ ನಾಯಿ ಹಂದಿ ಸೆಣಸುತ್ತಿವೆ. ಜೊತೆಗೆ ಒಂದು ಕಟ್ಟುಪಾಡು: ಈ ಕಲ್ಲಿಗೆ ಬಿಟ್ಟ ಭೂಮಿಯನ್ನು ಅನುಭವಿಸುವ ಪೂಜಾರಿ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ. ವರ್ಷಕ್ಕೊಮ್ಮೆ ಹಾರ ಹಾಕಿ ಮರೆಯಲು ಆ ಬರಹ ಬಿಡಲಿಲ್ಲ. ದಿನದಿನದ ಊಟಕ್ಕೆ ನೆನಪನ್ನು ಕಟ್ಟಿಹಾಕಿತು. ಕೊಡುಗೆಗೆ ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲೆಂದು ಎಷ್ಟೋ ಶಾಸನಗಳು ಶಪಿಸುತ್ತವೆ. ಆ ಶಾಪದ ಬಿಸಿಯಲ್ಲಿ ನನಗೆ ಕಾಣುವುದು ಭಯ. ಹತ್ತು ವರ್ಷ ಕಳೆದ ಮೇಲೆ ಈ ಗದ್ದೆಯನ್ನು ಯಾರಾದರೂ ಕಿತ್ತುಕೊಂಡರೆ ವಿಧವೆ ಏನು ಮಾಡಬೇಕು? ತುದಿಯಲ್ಲಿರುವ ಸೂರ್ಯ ಚಂದ್ರರು ವೀರನ ಕೀರ್ತಿಗೆ ಮಾತ್ರ ಸಾಕ್ಷಿಯಾಗಿ ನಿಂತವರಲ್ಲ, ಗದ್ದೆಯ ಕರಾರಿಗೂ ಅವರೇ ಸಾಕ್ಷಿ.

ಹೀಗಾಗಿ ಕಲ್ಲಿನಲ್ಲಿ ಎರಡು ಭರವಸೆಗಳಿವೆ. ಮೇಲಿನದನ್ನು ದೇವರು ನಡೆಸಿಕೊಡಬೇಕು. ಅಂಚಿನ ಮೇಲೆ ಬರೆದದ್ದನ್ನು ನಡೆಸಿಕೊಡಬೇಕಾದವರು ಊರಿನವರು.

ಈ ಎರಡನೆಯದನ್ನು ನಾವು ಹೇಗೆ ನಡೆಸಿದ್ದೇವೆ ಎಂಬುದು ನನ್ನನ್ನು ಕಾಡುತ್ತದೆ. ಮೊದಲನೆಯದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಆರನೆಯ ದಿನ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಿದರೆಂಬ ಸುದ್ದಿ ಬಂದಾಗ ನಾಡಿಗೆ ನಾಡೇ ದೇವರ ಮುಂದೆ ನಿಂತಿತು. ಹರಕೆ, ಅಭಿಷೇಕ, ದುವಾ, ಪ್ರಾರ್ಥನೆ. ಫೆಬ್ರುವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರ ಗುಂಡಿಗೆ ಬಲಿಯಾದ 26 ಜನರಲ್ಲಿ ನಮ್ಮ ಶಿವಮೊಗ್ಗೆಯವರೂ ಒಬ್ಬರಿದ್ದರು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಶುರುವಾದಾಗ ಮುಜರಾಯಿ ದೇವಸ್ಥಾನಗಳಲ್ಲಿ ಸೈನಿಕರ ಹೆಸರಿನಲ್ಲಿ ಪೂಜೆ ನಡೆಯಿತು, ಮಸೀದಿಗಳಲ್ಲಿ ಪ್ರಾರ್ಥನೆ ನಡೆಯಿತು. ಗಡಿಯಲ್ಲಿ ಮಗನಿರುವ ಮನೆಯವರು ಆ ದಿನಗಳಲ್ಲಿ ಫೋನನ್ನು ಕೈಯಿಂದ ಕೆಳಗಿಟ್ಟಿರಲಾರರು. ಊರಿನ ಪೂಜೆ ತಮ್ಮ ಹುಡುಗನ ಹೆಸರಿಗೂ ಸೇರಿತು ಎಂಬ ತಿಳಿವು ಅಂಥ ಮನೆಗೆ ನಿಜವಾದ ಆಸರೆ. ಅದನ್ನು ಹಗುರವಾಗಿ ನೋಡುವವರ ಜೊತೆ ನಾನು ನಿಲ್ಲಲಾರೆ.

ಶಿಲ್ಪದ ಕೆಲಸವೂ ನಿಂತಿಲ್ಲ. 2019ರ ಫೆಬ್ರುವರಿ 25ರಂದು ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ರಾಮ್ ಸುತಾರ್ ಅವರ ಆರು ಕಂಚಿನ ಉಬ್ಬುಶಿಲ್ಪಗಳಿವೆ. ರೆಜಾಂಗ್ ಲಾ, ಲೊಂಗೆವಾಲಾ ಮೊದಲಾದ ಕಾಳಗಗಳ ಚಿತ್ರಗಳವು. ಸುತ್ತಲಿನ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳು. ವೀರಗಲ್ಲಿನ ಕಣ್ಣಿನಿಂದ ನೋಡಿದರೆ ಅಲ್ಲಿರುವುದು ಕೆಳಗಿನ ಪಟ್ಟಿಕೆ ಮಾತ್ರ. ಎಲ್ಲ ಧರ್ಮದವರೂ ಸೇರಿದ ಸೈನ್ಯಕ್ಕೆ ಒಂದೇ ಕೈಲಾಸವನ್ನು ಕಡೆಯಲಾಗದು, ಅದನ್ನು ಖಾಲಿ ಬಿಟ್ಟದ್ದು ಸರಿಯೇ. ಅವರವರ ಮನೆಯವರು ಅವರವರ ನಂಬಿಕೆಯಿಂದ ತುಂಬಿಕೊಳ್ಳುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದ ಉದ್ಯಾನದಲ್ಲಿ 75 ಅಡಿ ಎತ್ತರದ ಏಕಶಿಲೆ ನಿಲ್ಲಿಸಿ ಅದನ್ನೂ ವೀರಗಲ್ಲು ಎಂದೇ ಕರೆದಿದ್ದಾರೆ.

ಇನ್ನು ಅಂಚಿನ ಸಾಲು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಹಂಚುವ ಸರ್ಕಾರಿ ಜಮೀನಿನ ನೂರಕ್ಕೆ ಹತ್ತು ಪಾಲು ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲು. ಹೆಸರು ಬೇರೆ, ಇದು ನೆತ್ತರುಗೊಡಗೆಯೇ. ಹಲ್ಮಿಡಿಯಿಂದ ಇಲ್ಲಿಯವರೆಗೆ ಕನ್ನಡ ನಾಡು ಒಂದೇ ಮಾತನ್ನು ಹಿಡಿದು ಬಂದಿದೆ ಎಂದು ಹೆಮ್ಮೆಪಡಬಹುದು. ಆದರೆ ನಿವೃತ್ತರಾಗಿ ಬಂದು ಅರ್ಜಿ ಕೊಟ್ಟು, ಜಮೀನು ಲಭ್ಯವಿಲ್ಲ ಎಂಬ ಹಿಂಬರಹ ಪಡೆದು, ಮತ್ತೆ ಅರ್ಜಿ ಕೊಡುವ ಮಾಜಿ ಸೈನಿಕರ ಕಥೆ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ 1949ರಿಂದ ನಡೆದುಬಂದಿದೆ. ಅಂದು ಮಕ್ಕಳು ಅಂಗಿಗೆ ಪುಟ್ಟ ಧ್ವಜ ಅಂಟಿಸಿಕೊಂಡು ಹಾಕುವ ಕಾಸು ಯುದ್ಧದಲ್ಲಿ ಮಡಿದವರ ಮನೆಗಳಿಗೆ, ಕೈಕಾಲು ಕಳೆದುಕೊಂಡವರಿಗೆ ಸೇರುತ್ತದೆ. ಎಷ್ಟು ಶಾಲೆಗಳಲ್ಲಿ ಇದನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತಾರೆ?

ಕಲ್ಲುಗಳ ಗತಿಯೂ ಹೀಗೆಯೇ. ಹಬ್ಬದ ದಿನ ಎಣ್ಣೆ ಹಚ್ಚಿ ಕುಂಕುಮವಿಟ್ಟು ಕಾಪಾಡಿಕೊಂಡ ಊರುಗಳು ಮಲೆನಾಡಿನಲ್ಲಿ ಇನ್ನೂ ಇವೆ, ಅವರಿಗೆ ಕೈ ಮುಗಿಯಬೇಕು. ಬೇರೆ ಕಡೆ ಅವು ಕೆರೆಯ ತೂಬಿಗೆ ಚಪ್ಪಡಿಯಾಗಿವೆ, ಬೇಲಿಯ ಸಾಲಿನಲ್ಲಿ ಕುತ್ತಿಗೆಯವರೆಗೆ ಹೂತಿವೆ. ದಪ್ಪಗೆ ಆಯಿಲ್ ಪೇಂಟ್ ಬಳಿದರೆ ಅಕ್ಷರ ಮುಚ್ಚಿಹೋಗುತ್ತದೆ. ಮನೆಯ ಹಿತ್ತಿಲಲ್ಲಿ ಅಂಥ ಕಲ್ಲು ಸಿಕ್ಕವರು ಬಣ್ಣ ಬಳಿಯದೆ, ಉಜ್ಜದೆ, ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ಒಂದು ಮಾತು ತಿಳಿಸಲಿ.

ಕೊನೆಗೆ, ವೀರಗಲ್ಲಿನ ಪಕ್ಕದಲ್ಲಿ ನಿಂತ ಇನ್ನೊಂದು ಕಲ್ಲಿನ ವಿಷಯ. ಮಾಸ್ತಿಗಲ್ಲಿನಲ್ಲಿ ಕಂಬದಿಂದ ಹೊರಚಾಚಿದ, ಮೊಣಕೈ ಮಡಿಸಿದ, ಬಳೆ ತೊಟ್ಟ ಒಂದು ಕೈ ಇರುತ್ತದೆ. ಗಂಡನ ಜೊತೆ ಬೆಂಕಿಗೆ ಬಿದ್ದವಳ ಕೈ. ಸತ್ತವನಿಗೆ ಸ್ವರ್ಗದ ಭರವಸೆ ಕೊಟ್ಟ ಅದೇ ನಂಬಿಕೆ ಬದುಕಿದವಳಿಂದ ಇದನ್ನು ಕೇಳಿತು. ಆ ಕಲ್ಲಿನ ಮುಂದೆ ನನಗೆ ಕೈ ಮುಗಿಯಲೂ ಆಗುವುದಿಲ್ಲ, ಮುಗಿಯದೆ ಹೋಗಲೂ ಆಗುವುದಿಲ್ಲ. ಬೆಂಕಿಗೆ ಬಿದ್ದವಳಿಗೆ ನೆತ್ತರುಗೊಡಗೆಯ ಗದ್ದೆ ಯಾಕೆ ಬೇಕಿತ್ತು?

ಹಾಗೆಂದು ಆ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ ಎನ್ನುವಂತಿಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಆರಂಭದ ಒಂದು ಶಾಸನವಿದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅವನ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಅವಳು ಎಪ್ಪತ್ತು ಊರುಗಳ ಆ ನಾಡನ್ನು ಸಮರ್ಥವಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ವಹಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು.

ಗಂಡನ ಹೊಣೆಯನ್ನು ಹೆಗಲಿಗೇರಿಸಿಕೊಂಡ ಜಕ್ಕಿಯಬ್ಬೆಯಂಥವರು ನಮ್ಮ ಕಾಲದಲ್ಲೂ ಇದ್ದಾರೆ. 2015ರ ನವೆಂಬರಿನಲ್ಲಿ ಕುಪ್ವಾರದಲ್ಲಿ ಉಗ್ರರೊಡನೆ ಹೋರಾಡುತ್ತ ಮಡಿದ ಕರ್ನಲ್ ಸಂತೋಷ್ ಮಹಾಡಿಕ್ ಮಹಾರಾಷ್ಟ್ರದವರು. ಅವರ ಪತ್ನಿ ಸ್ವಾತಿ, ಇಬ್ಬರು ಮಕ್ಕಳ ತಾಯಿ, ಸೇನೆ ಸೇರುತ್ತೇನೆ ಎಂದರು. ಅವರಿಗಾಗಿ ವಯಸ್ಸಿನ ಮಿತಿ ಸಡಿಲವಾಯಿತು. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ 2017ರ ಸೆಪ್ಟೆಂಬರಿನಲ್ಲಿ ಲೆಫ್ಟಿನೆಂಟ್ ಆದರು.